ಆಟದೊಳಗೆ ಉಳಿದುಹೋದದ್ದನ್ನು ಹುಡುಕುವುದು ಹೇಗೆ?

1997ರಲ್ಲಿ ನಿಂಟೆಂಡೊ 64 ಎಂಬ ಆಟದ ಯಂತ್ರಕ್ಕೆ ಬಂದ 'ಗೋಲ್ಡನ್‌ಐ 007' ಆಟವನ್ನು ಲಕ್ಷಾಂತರ ಜನ ಆಡಿದರು. ಆ ಕಾರ್ಟ್ರಿಡ್ಜ್‌ನೊಳಗೆ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಕಂಪ್ಯೂಟರಿನ ಎಮ್ಯುಲೇಟರ್, ಅಂದರೆ ಒಂದು ಯಂತ್ರವನ್ನು ಇನ್ನೊಂದರಲ್ಲಿ ಅನುಕರಿಸುವ ಪ್ರೋಗ್ರಾಂ, ಇತ್ತು. ಅದರ ಜೊತೆಗೆ ಹತ್ತು ಆಟಗಳೂ ಇದ್ದವು. ಆಟ ತಯಾರಿಸಿದ ರೇರ್ ಕಂಪನಿಯವರು ಪ್ರಯೋಗಕ್ಕೆಂದು ಮಾಡಿಕೊಂಡಿದ್ದ ಕೆಲಸ ಅದು. ಬಿಡುಗಡೆಗೆ ಮುಂಚೆ ಅದನ್ನು ಆಫ್ ಮಾಡಿದರು, ಆದರೆ ಅಳಿಸಲಿಲ್ಲ. ಹೊರಗಿನವರ ಕಣ್ಣಿಗೆ ಅದು ಬಿದ್ದದ್ದು 2012ರಲ್ಲಿ. ಹದಿನೈದು ವರ್ಷ ಎಲ್ಲರ ಕೈಯಲ್ಲೇ ಇತ್ತು, ಯಾರೂ ನೋಡಿರಲಿಲ್ಲ.

ಇಂಥವನ್ನು ಹುಡುಕುವ ಕೆಲಸಕ್ಕೆ ದೊಡ್ಡ ಓದು ಬೇಕಿಲ್ಲ. ತಾಳ್ಮೆ ಬೇಕು, ಕೆಲವು ಉಚಿತ ಸಾಧನಗಳು ಬೇಕು, ಜೊತೆಗೆ ಒಂದು ಅಭ್ಯಾಸ ಬೇಕು: ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಡುವುದು. ಈ ಲೇಖನದಲ್ಲಿ ಆ ಮಾತಿಗೆ ಮತ್ತೆ ಮತ್ತೆ ಬರುತ್ತೇನೆ.

ಬೇಡವಾದದ್ದು ಒಳಗೇ ಉಳಿಯುವುದೇಕೆ?

ಇದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಆಟದ ಒಳಗೆ ಎಲ್ಲಕ್ಕೂ ಒಂದೊಂದು ಸಂಖ್ಯೆ ಇರುತ್ತದೆ. 12ನೇ ಶತ್ರು, 40ನೇ ಹಾಡು, 7ನೇ ಲೆವೆಲ್, ಹೀಗೆ. 7ನೇ ಲೆವೆಲ್ ಬೇಡ ಅಂತ ಕಿತ್ತುಹಾಕಿದರೆ 8, 9, 10 ಎಲ್ಲವೂ ಒಂದು ಸ್ಥಾನ ಹಿಂದೆ ಸರಿಯುತ್ತವೆ. ಆ ಸಂಖ್ಯೆಗಳನ್ನು ನಂಬಿ ಬರೆದ ಕೋಡ್ ಎಲ್ಲ ತಪ್ಪುತ್ತದೆ. ಬಿಡುಗಡೆಗೆ ಎರಡು ವಾರ ಇರುವಾಗ ಯಾರು ಆ ಅಪಾಯಕ್ಕೆ ಕೈ ಹಾಕುತ್ತಾರೆ? ಅದಕ್ಕೇ ಕೋಣೆಯನ್ನು ಕೆಡವುವುದಿಲ್ಲ, ಅಲ್ಲಿಗೆ ಹೋಗುವ ಬಾಗಿಲನ್ನು ಮಾತ್ರ ಮುಚ್ಚುತ್ತಾರೆ.

1996ರ ಮೊದಲ ಪೋಕೆಮಾನ್ ಆಟಗಳನ್ನೇ ನೋಡಿ. ಒಳಗಿನ ಪಟ್ಟಿಯಲ್ಲಿ 190 ಸ್ಥಾನಗಳಿವೆ. ಬಳಕೆಯಲ್ಲಿರುವ ಪೋಕೆಮಾನ್ 151. ಉಳಿದ 39 ಸ್ಥಾನಗಳಲ್ಲಿ 'ಮಿಸ್ಸಿಂಗ್‌ನೋ' ಎಂಬ ಖಾಲಿ ಗುರುತು ಕೂತಿದೆ. ಅದೇ ಆಟದಲ್ಲಿ ಇದಕ್ಕೆ ತದ್ವಿರುದ್ಧವಾದ ಕಥೆಯೂ ಇದೆ. ಕೊನೆ ಗಳಿಗೆಯಲ್ಲಿ ಡಿಬಗ್ (ದೋಷ ಹುಡುಕುವ) ಸೌಲಭ್ಯಗಳನ್ನು ತೆಗೆದಾಗ ಸುಮಾರು 300 ಬೈಟ್ ಜಾಗ ಖಾಲಿಯಾಯಿತು. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಆ ಸಂದಿಯಲ್ಲಿ 'ಮ್ಯೂ' ಎಂಬ ಪೋಕೆಮಾನನ್ನು ತುರುಕಿದರು. ಮಾಮೂಲಿಯಾಗಿ ಆಡಿದರೆ ಅದು ಸಿಗುವಂತಿರಲಿಲ್ಲ.

ಮೊದಲ ಹೆಜ್ಜೆ: ಸರಿಯಾದ ಆಟ ಆರಿಸಿಕೊಳ್ಳಿ

ನಿಮಗೆ ಚೆನ್ನಾಗಿ ಗೊತ್ತಿರುವ ಆಟದಿಂದಲೇ ಶುರು ಮಾಡಿ. ಆಟದ ಮೂಲೆ ಮೂಲೆ ಗೊತ್ತಿದ್ದವರಿಗೆ ಮಾತ್ರ 'ಇದನ್ನು ನಾನು ಎಲ್ಲೂ ನೋಡಿಲ್ಲವಲ್ಲ' ಅನ್ನಿಸುತ್ತದೆ. ಸಾಧನದ ಅರಿವಿಗಿಂತ ಈ ಅರಿವು ದೊಡ್ಡದು.

ಹೊಸಬರಿಗೆ ಎರಡು ಬಗೆಯ ಆಟಗಳು ಒಳ್ಳೆಯವು. ಒಂದು, ಎನ್‌ಇಎಸ್ ಅಥವಾ ಗೇಮ್ ಬಾಯ್ ಎಂಬ ನಿಂಟೆಂಡೊದ ಹಳೆಯ ಯಂತ್ರಗಳ ಕಾಲದ ಚಿಕ್ಕ ಆಟಗಳು. ಇಡೀ ಆಟ ಒಂದೇ ಫೈಲ್‌ನಲ್ಲಿ ಹಿಡಿಯುತ್ತದೆ. ಎರಡು, ಎಲ್ಲರೂ ಬಳಸುವ ಇಂಜಿನ್‌ನಲ್ಲಿ ಮಾಡಿದ ಪಿಸಿ ಆಟಗಳು. ಇಂಜಿನ್ ಅಂದರೆ ಆಟ ಕಟ್ಟುವ ಸಿದ್ಧ ಸಾಫ್ಟ್‌ವೇರ್. ಫೋಲ್ಡರ್‌ನಲ್ಲಿ 'ಯೂನಿಟಿಪ್ಲೇಯರ್' ಎಂಬ ಫೈಲ್ ಕಂಡರೆ ಅದು ಯೂನಿಟಿ. 'ಡೇಟಾ ಡಾಟ್ ವಿನ್' ಇದ್ದರೆ ಗೇಮ್‌ಮೇಕರ್. 'ಪ್ಯಾಕ್' ಎಂದು ಕೊನೆಯಾಗುವ ದೊಡ್ಡ ಫೈಲ್‌ಗಳಿದ್ದರೆ ಹೆಚ್ಚಾಗಿ ಅನ್‌ರಿಯಲ್. ಇವನ್ನು ಬಿಚ್ಚಲು ಸಿದ್ಧ ಸಾಧನಗಳಿವೆ: ಯೂನಿಟಿಗೆ ಅಸೆಟ್‌ಸ್ಟುಡಿಯೊ, ಗೇಮ್‌ಮೇಕರ್‌ಗೆ ಅಂಡರ್‌ಟೇಲ್‌ಮಾಡ್‌ಟೂಲ್, ಅನ್‌ರಿಯಲ್‌ಗೆ ಎಫ್‌ಮಾಡೆಲ್.

ಈಗ ನಡೆಯುತ್ತಿರುವ ಆನ್‌ಲೈನ್ ಆಟಗಳನ್ನು ದಯವಿಟ್ಟು ಬಿಡಿ. ಮೋಸ ತಡೆಯುವ ಸಾಫ್ಟ್‌ವೇರ್‌ಗೆ ನಿಮ್ಮ ಕುತೂಹಲ ಅರ್ಥವಾಗುವುದಿಲ್ಲ, ಖಾತೆಯನ್ನೇ ಮುಚ್ಚಿಬಿಡುತ್ತದೆ. ಇನ್ನೊಂದು ಕಾರಣವೂ ಇದೆ. ಅಂಥ ಆಟದಲ್ಲಿ ಬಳಕೆಯಾಗದೆ ಕಾಣುವುದು ಮುಂದಿನ ತಿಂಗಳು ಬರಬೇಕಾದದ್ದೂ ಆಗಿರಬಹುದು.

ಎರಡನೆಯದು: ಪ್ರತಿ ಮಾಡಿ, ಬರೆದಿಡಿ

ನೀವೇ ಕೊಂಡ ಆಟವನ್ನು ಬಳಸಿ. ಮೂಲ ಫೈಲ್ ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ. ಆಟದ ಆವೃತ್ತಿ, ಯಾವ ದೇಶಕ್ಕೆ ಬಂದದ್ದು, ಯಾವ ಯಂತ್ರದ್ದು, ಫೈಲ್‌ನ ಚೆಕ್‌ಸಮ್ ಎಷ್ಟು, ಇಷ್ಟನ್ನು ಮೊದಲೇ ಬರೆದಿಡಿ. ಚೆಕ್‌ಸಮ್ ಅಂದರೆ ಫೈಲ್‌ನ ಬೆರಳಚ್ಚು ಇದ್ದ ಹಾಗೆ. ಒಂದು ಬೈಟ್ ಬದಲಾದರೂ ಅದು ಬದಲಾಗುತ್ತದೆ. ಇದಿಲ್ಲದಿದ್ದರೆ ನಿಮ್ಮ ಶೋಧವನ್ನು ಬೇರೆಯವರು ಪರೀಕ್ಷಿಸಲು ಆಗುವುದಿಲ್ಲ. ಅಂತರ್ಜಾಲದಿಂದ ಎತ್ತಿಕೊಂಡ ಪ್ರತಿಗಳಲ್ಲಿ ಯಾರೋ ಮೊದಲೇ ಕೈಯಾಡಿಸಿರಬಹುದು. ಅವರು ಸೇರಿಸಿದ್ದನ್ನು ನೀವು ಹಳೆಯ ರಹಸ್ಯ ಅಂತ ಸಾರಿಬಿಟ್ಟರೆ ತಪ್ಪು ಎಲ್ಲ ಕಡೆ ಹರಡುತ್ತದೆ.

ಮೂರನೆಯದು: ಬರಿಗಣ್ಣಿನಿಂದ ನೋಡಿ

ಸಾಧನ ಹಿಡಿಯುವ ಮೊದಲು ಫೈಲ್‌ಗಳ ಹೆಸರುಗಳನ್ನು ನಿಧಾನವಾಗಿ ಓದಿ. 'ಟೆಸ್ಟ್', 'ಓಲ್ಡ್', 'ಡಮ್ಮಿ', 'ಟೆಂಪ್', 'ಡಿಬಗ್' ಎಂಬ ಪದಗಳಿವೆಯೇ? ಸರಣಿಯಲ್ಲಿ ಸಂಖ್ಯೆ ಹಾರಿದೆಯೇ? ಲೆವೆಲ್ 1ರಿಂದ 6 ಇದ್ದು, ನಡುವೆ 7 ಇಲ್ಲದೆ 8 ಬಂದರೆ ಅಲ್ಲಿ ನಿಲ್ಲಿ. ಫೈಲ್‌ನ ತಾರೀಕನ್ನೂ ನೋಡಿ. ಉಳಿದ ಎಲ್ಲವಕ್ಕಿಂತ ಒಂದು ವರ್ಷ ಹಳೆಯದೊಂದು ಒಂಟಿಯಾಗಿ ಕೂತಿದ್ದರೆ ಅದಕ್ಕೆ ಏನೋ ಕಥೆ ಇರುತ್ತದೆ.

ಡೆವಲಪರ್‌ಗಳು ತಮಗಾಗಿ ಇಟ್ಟುಕೊಂಡ ಮೆನುಗಳೂ ಇರುತ್ತವೆ. 1991ರ ಮೊದಲ 'ಸೋನಿಕ್' ಆಟದ ಶುರುವಿನ ಪರದೆಯಲ್ಲಿ ಮೇಲೆ, ಕೆಳಗೆ, ಎಡ, ಬಲ ಒತ್ತಿದರೆ ಉಂಗುರದ ಸದ್ದು ಬರುತ್ತದೆ. ಆಮೇಲೆ ಎ ಗುಂಡಿ ಹಿಡಿದು ಸ್ಟಾರ್ಟ್ ಒತ್ತಿದರೆ ಯಾವ ಲೆವೆಲ್‌ಗೆ ಬೇಕಾದರೂ ಹೋಗುವ ಮೆನು ತೆರೆಯುತ್ತದೆ. ಇಂಥ ಮೆನು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅದರಲ್ಲಿರುವ ಪ್ರತಿ ಸಾಲನ್ನೂ ಒತ್ತಿ ನೋಡಿ.

ನಾಲ್ಕನೆಯದು: ಮಾತುಗಳನ್ನು ಹುಡುಕಿ

ನನ್ನ ಮಟ್ಟಿಗೆ ಅತಿ ಹೆಚ್ಚು ಫಲ ಕೊಡುವುದು ಇದೇ. ಚಿತ್ರ ನೋಡಿದರೆ 'ಇದೇನೋ' ಅನ್ನಿಸುತ್ತದೆ. ಮಾತು ಹಾಗಲ್ಲ, ತನ್ನ ಕಥೆಯನ್ನು ತಾನೇ ಹೇಳುತ್ತದೆ.

ಹೊಸ ಆಟಗಳಲ್ಲಿ ಇದು ಸುಲಭ. ಎಚ್‌ಎಕ್ಸ್‌ಡಿ ತರಹದ, ಫೈಲ್‌ನ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಫೈಲ್ ತೆರೆದರೆ ಬಲಗಡೆಯ ಪಟ್ಟಿಯಲ್ಲಿ ಅಕ್ಷರಗಳು ಹಾಗೇ ಕಾಣುತ್ತವೆ. 'ಸ್ಟ್ರಿಂಗ್ಸ್' ಎಂಬ ಪುಟ್ಟ ಪ್ರೋಗ್ರಾಂ ಓದಬಲ್ಲ ಸಾಲುಗಳನ್ನೆಲ್ಲ ಆರಿಸಿ ಒಂದು ಕಡತಕ್ಕೆ ಸುರಿದುಕೊಡುತ್ತದೆ.

ಹಳೆಯ ಕನ್ಸೋಲ್ ಆಟಗಳಲ್ಲಿ ತೊಡಕಿದೆ. ಅಲ್ಲಿ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಸಂಖ್ಯೆಗಳಿರುವುದಿಲ್ಲ. ಒಂದು ಆಟದಲ್ಲಿ ಇಂಗ್ಲಿಷಿನ ಎ ಅಂದರೆ 10, ಇನ್ನೊಂದರಲ್ಲಿ 128. ಹಾಗಾದರೆ ಹುಡುಕುವುದು ಹೇಗೆ? ಇಲ್ಲಿ ಒಂದು ಸೊಗಸಾದ ಉಪಾಯವಿದೆ. ಸಂಖ್ಯೆ ಏನೇ ಇರಲಿ, ಅಕ್ಷರಗಳ ನಡುವಿನ ಅಂತರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಆಟದಲ್ಲಿ 'ಹೆಲ್ಪ್' ಎಂಬ ಪದ ಇಂಗ್ಲಿಷಿನಲ್ಲಿ ಕಾಣುತ್ತದೆ ಅಂದುಕೊಳ್ಳಿ. ಎಚ್‌ನಿಂದ ಇಗೆ ಮೂರು ಹೆಜ್ಜೆ ಹಿಂದೆ. ಇಯಿಂದ ಎಲ್‌ಗೆ ಏಳು ಮುಂದೆ. ಎಲ್‌ನಿಂದ ಪಿಗೆ ನಾಲ್ಕು ಮುಂದೆ. ಈ 'ಮೂರು ಹಿಂದೆ, ಏಳು ಮುಂದೆ, ನಾಲ್ಕು ಮುಂದೆ' ಎಂಬ ಓಟವನ್ನು ಫೈಲ್ ತುಂಬ ಹುಡುಕಬೇಕು. ಇದಕ್ಕೆ ರಿಲೇಟಿವ್ ಸರ್ಚ್ ಅನ್ನುತ್ತಾರೆ. ಪದ ಉದ್ದವಾದಷ್ಟೂ ಸುಳ್ಳು ಸುಳಿವು ಕಡಿಮೆ, ಹಾಗಾಗಿ ಏಳೆಂಟು ಅಕ್ಷರದ ಪದವೇ ಒಳ್ಳೆಯದು. ಒಂದು ಪದ ಸಿಕ್ಕರೆ ಇಡೀ ಅಕ್ಷರಮಾಲೆಯ ಪಟ್ಟಿ ಸಿಕ್ಕಿದಂತೆಯೇ. ಆಮೇಲೆ ಆಟದ ಎಲ್ಲ ಸಂಭಾಷಣೆಯನ್ನೂ ಕೂತು ಓದಬಹುದು. ಆ ಕ್ಷಣ ಸಿಗುವ ಖುಷಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ.

ಏನೂ ಸಿಗದಿದ್ದರೆ ಪಠ್ಯವನ್ನು ಕುಗ್ಗಿಸಿ ಇಟ್ಟಿರಬಹುದು. ಆಗ ಆಟವನ್ನು ಓಡಿಸಿ, ಮಾತು ಪರದೆಯ ಮೇಲಿರುವಾಗಲೇ ಮೆಮೊರಿಯಲ್ಲಿ ಹುಡುಕಿ.

ಐದನೆಯದು: ಚಿತ್ರ ಮತ್ತು ಸದ್ದು

ಎನ್‌ಇಎಸ್, ಗೇಮ್ ಬಾಯ್ ಆಟಗಳ ಚಿತ್ರಗಳು 8×8 ಚುಕ್ಕೆಗಳ ಪುಟ್ಟ ತುಂಡುಗಳು. ಒಂದು ತುಂಡಿಗೆ 16 ಬೈಟ್. ಟೈಲ್ ಮೊಲೆಸ್ಟರ್, ವೈವೈ-ಸಿಎಚ್‌ಆರ್ ತರಹದ ಸಾಧನದಲ್ಲಿ ಫೈಲ್ ತೆರೆದು ಕೆಳಗೆ ಸರಿಸುತ್ತಾ ಹೋಗಿ. ಮೊದಲು ಬರೀ ಗೊಂದಲ ಕಾಣುತ್ತದೆ. ಸರಿಯಾದ ಬಗೆಯನ್ನು ಆರಿಸಿದ ಕೂಡಲೇ ಮುಖ, ಕೈ, ಮರ ಎಲ್ಲ ಎದ್ದು ಬರುತ್ತವೆ. ಬಣ್ಣವನ್ನು ಮಾತ್ರ ನಂಬಬೇಡಿ. ಬಣ್ಣದ ಪಟ್ಟಿ ಬೇರೆಲ್ಲೋ ಇರುತ್ತದೆ, ಸಾಧನ ತೋರಿಸುವುದು ತನಗೆ ತೋಚಿದ ಬಣ್ಣವನ್ನು. ಬಳಕೆಯಾಗದ ಪಾತ್ರದ ನಿಜವಾದ ಬಣ್ಣ ಎಷ್ಟೋ ಸಲ ತಿಳಿಯುವುದೇ ಇಲ್ಲ. ಚಿತ್ರ ಹಾಕುವಾಗ ಆ ಮಾತನ್ನೂ ಜೊತೆಗೆ ಬರೆಯಿರಿ.

ಸದ್ದಿಗೆ ವಿಜಿಎಂಸ್ಟ್ರೀಮ್ ಸಾಕು, ಆಟಗಳ ನೂರಾರು ಬಗೆಯ ಆಡಿಯೊ ಫೈಲ್‌ಗಳನ್ನು ಅದು ನುಡಿಸುತ್ತದೆ. ಆಟದಲ್ಲೇ ಸೌಂಡ್ ಟೆಸ್ಟ್ (ಸದ್ದುಗಳನ್ನು ಆರಿಸಿ ಕೇಳುವ ಮೆನು) ಇದ್ದರೆ ಇನ್ನೂ ಸುಲಭ. 1992ರ 'ಸೋನಿಕ್ 2' ಆಟದ ಸೌಂಡ್ ಟೆಸ್ಟ್‌ನಲ್ಲಿ 10ನೇ ಸಂಖ್ಯೆಗೆ ಒಂದು ಹಾಡಿದೆ. ಆಟದಲ್ಲಿ ಅದು ಎಲ್ಲೂ ಬರುವುದಿಲ್ಲ. ಕೈಬಿಟ್ಟ 'ಹಿಡನ್ ಪ್ಯಾಲೆಸ್' ಲೆವೆಲ್‌ನದೇ ಅಂತ ಅನೇಕರು ಅಂದುಕೊಂಡರು. ಹಾಡು ಇದೆ ಅನ್ನುವುದು ಕಂಡದ್ದು. ಅದು ಆ ಲೆವೆಲ್‌ಗೇ ಅನ್ನುವುದು ಊಹೆ. ಸೌಂಡ್ ಟೆಸ್ಟ್ ಆ ಎರಡನೆಯದನ್ನು ಹೇಳುವುದಿಲ್ಲ.

ಆರನೆಯದು: ಆಟ ಓಡುವಾಗ ಒಳಗೆ ಕೈಹಾಕಿ

ಈಗ ಮುಚ್ಚಿದ ಬಾಗಿಲನ್ನು ತೆರೆಯುವ ಕೆಲಸ. ನೀವು ಯಾವ ಲೆವೆಲ್‌ನಲ್ಲಿದ್ದೀರಿ ಎಂಬುದನ್ನು ಆಟ ಮೆಮೊರಿಯಲ್ಲಿ ಎಲ್ಲೋ ಒಂದು ಸಂಖ್ಯೆಯಾಗಿ ಇಟ್ಟುಕೊಂಡಿರುತ್ತದೆ. ಅದನ್ನು ಹಿಡಿಯಬೇಕು. ಎಮ್ಯುಲೇಟರ್‌ನ ಮೆಮೊರಿ ಹುಡುಕಾಟ ತೆರೆಯಿರಿ. ಮೊದಲ ಲೆವೆಲ್‌ನಲ್ಲಿ ಒಂದು ಸಲ ಗುರುತು ಹಾಕಿ. ಎರಡನೆಯದಕ್ಕೆ ಹೋಗಿ 'ಬದಲಾದದ್ದು ಮಾತ್ರ' ಅಂತ ಸೋಸಿ. ಅಲ್ಲೇ ಸ್ವಲ್ಪ ಓಡಾಡಿ 'ಬದಲಾಗದ್ದು ಮಾತ್ರ' ಅಂತ ಮತ್ತೆ ಸೋಸಿ. ನಾಲ್ಕೈದು ಸುತ್ತಿನಲ್ಲಿ ಸಾವಿರಾರು ವಿಳಾಸಗಳು ಹತ್ತಕ್ಕೆ ಇಳಿಯುತ್ತವೆ. ಎಣಿಕೆ ಒಂದರ ಬದಲು ಸೊನ್ನೆಯಿಂದ ಶುರುವಾಗಿರಬಹುದು, ನೆನಪಿರಲಿ.

ಆ ವಿಳಾಸದಲ್ಲಿ ಬೇರೆ ಸಂಖ್ಯೆ ಬರೆದು, ಲೆವೆಲ್ ಮತ್ತೆ ಶುರುವಾಗುವಂತೆ ಮಾಡಿ. ಆಟ ಜಾಸ್ತಿ ಸಲ ಕೆಡುತ್ತದೆ, ಪರದೆ ಕಪ್ಪಾಗುತ್ತದೆ. ಪ್ರತಿ ಸಲ ಮೊದಲೇ ಸೇವ್ ಸ್ಟೇಟ್ (ಆಟದ ಆ ಕ್ಷಣದ ಪ್ರತಿ) ಮಾಡಿಕೊಂಡಿದ್ದರೆ ಮತ್ತೆ ಅಲ್ಲಿಗೇ ಬರಬಹುದು. ಇದೇ ರೀತಿ ಸಂಖ್ಯೆ ಬದಲಿಸಿಯೇ 1998ರ 'ಜೆಲ್ಡಾ: ಆಕರಿನಾ ಆಫ್ ಟೈಮ್' ಆಟದೊಳಗೆ ಆರ್ವಿಂಗ್ ವಿಮಾನ ಸಿಕ್ಕಿತು. ಅದು 'ಸ್ಟಾರ್ ಫಾಕ್ಸ್' ಆಟದ ವಿಮಾನ. ಮೆಮೊರಿಯ ಸಂಖ್ಯೆ ಬದಲಿಸುವ ಚೀಟ್ ಸಾಧನದಿಂದ ಕರೆದರೆ ಈಗಲೂ ಹಾರಿ ಬಂದು ಗುಂಡು ಹೊಡೆಯುತ್ತದೆ.

ಏಳನೆಯದು: ಬಳಕೆಯಾಗಿಲ್ಲ ಅಂತ ಸಾಬೀತು ಮಾಡಿ

ಇಲ್ಲಿ ಆತುರ ಬೇಡ. ನಾನು ಒಮ್ಮೆ ಒಂದು ಪುಟ್ಟ ಆಟದಲ್ಲಿ ಒಂದು ಕೋಣೆ ಕಂಡು, ಇದು ಕೈಬಿಟ್ಟದ್ದೇ ಅಂತ ಸ್ನೇಹಿತರಿಗೆಲ್ಲ ಹೇಳಿದ್ದೆ. ಆ ಆಟವನ್ನು ಮೂರು ಸಲ ಮುಗಿಸಿದ್ದೆ, ಅದಕ್ಕೇ ಅಷ್ಟು ಧೈರ್ಯ. ವಾರದ ನಂತರ ಗೊತ್ತಾಯಿತು, ಅತಿ ಕಠಿಣ ಮಟ್ಟದಲ್ಲಿ ಒಂದೂ ಪ್ರಾಣ ಕಳೆದುಕೊಳ್ಳದೆ ಆಡಿದರೆ ಆ ಕೋಣೆ ತೆರೆಯುತ್ತದೆ. ಅಂದಿನಿಂದ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಎಲ್ಲ ಕಠಿಣತೆಯ ಮಟ್ಟಗಳು, ಎಲ್ಲ ಭಾಷೆಗಳು, ಇಬ್ಬರು ಆಡುವ ಬಗೆ, ನೂರಕ್ಕೆ ನೂರು ಮುಗಿಸಿದಾಗ ಬರುವ ದೃಶ್ಯ, ಹಬ್ಬದ ದಿನ ಗಡಿಯಾರ ನೋಡಿ ಬರುವ ಬದಲಾವಣೆ, ತಪ್ಪು ಸಂದೇಶಗಳ ಪರದೆ. ಇವೆಲ್ಲ ನೋಡದೆ ಬಾಯಿ ಬಿಡುವುದಿಲ್ಲ.

ಎನ್‌ಇಎಸ್ ಆಟಗಳಿಗೆ ಇದಕ್ಕಿಂತ ಗಟ್ಟಿ ದಾರಿ ಇದೆ. ಎಫ್‌ಸಿಇಯುಎಕ್ಸ್ ಎಮ್ಯುಲೇಟರ್‌ನಲ್ಲಿ ಕೋಡ್-ಡೇಟಾ ಲಾಗರ್ ಇದೆ. ಅದನ್ನು ಆನ್ ಮಾಡಿ ಇಡೀ ಆಟ ಆಡಿದರೆ, ಆಟ ಓದಿದ ಪ್ರತಿ ಬೈಟ್‌ಗೂ ಗುರುತು ಬೀಳುತ್ತದೆ. ಕೊನೆಗೆ ಗುರುತು ಬೀಳದೆ ಉಳಿದದ್ದರಲ್ಲಿ ಹುಡುಕಿದರೆ ಸಾಕು. ಬೇರೆ ಯಂತ್ರಗಳಲ್ಲಿ ಅನುಮಾನದ ಜಾಗಕ್ಕೆ ಬ್ರೇಕ್‌ಪಾಯಿಂಟ್ ಹಾಕಿ. ಆಟ ಅದನ್ನು ಓದಿದ ಕ್ಷಣವೇ ನಿಲ್ಲುತ್ತದೆ. ಕೋಡನ್ನೇ ಓದುವ ಆಸೆ ಇದ್ದವರಿಗೆ 2019ರಲ್ಲಿ ಉಚಿತವಾಗಿ ಬಿಡುಗಡೆಯಾದ ಘಿಡ್ರಾ ಇದೆ, ಯಂತ್ರದ ಕೋಡನ್ನು ಓದುವಂತೆ ಬಿಡಿಸಿಕೊಡುವ ಸಾಧನ ಅದು. ಕಲಿಯಲು ತಿಂಗಳುಗಳೇ ಬೇಕು.

ಸಾಬೀತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬಳಕೆಯಾಗದ್ದೆಲ್ಲ ಕತ್ತರಿಸಿದ್ದೇ? ಅಲ್ಲ. ಆರ್ವಿಂಗ್ ವಿಮಾನವನ್ನು ಆಟದ ಕಥೆಗೆಂದು ಮಾಡಿರಲಿಲ್ಲ, ಪ್ರಯೋಗಕ್ಕೆ ತಂದಿಟ್ಟದ್ದು. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಮೈನಸ್ ಲೋಕ ಅಂತೂ ಯಾರೂ ಕಟ್ಟಿದ್ದೇ ಅಲ್ಲ. ಅದರ ಸಂಖ್ಯೆ 36. ಆಟದ ಚಿತ್ರಪಟ್ಟಿಯಲ್ಲಿ 36ನೇ ತುಂಡು ಖಾಲಿ ಇರುವುದರಿಂದ 36-1 ಅನ್ನುವುದು ಬರೀ -1 ಆಗಿ ಕಾಣುತ್ತದೆ. ಅದು ದೋಷ. ಕೈಬಿಟ್ಟ ಲೆವೆಲ್ ಅಲ್ಲ.

ಇನ್ನೊಂದು ಕಥೆ ನನಗೆ ತುಂಬ ಇಷ್ಟ. 1992ರ 'ಮಾರ್ಟಲ್ ಕಾಂಬ್ಯಾಟ್' ಆರ್ಕೇಡ್ ಯಂತ್ರದ ಲೆಕ್ಕದ ಮೆನುವಿನಲ್ಲಿ 'ಎರ್ಮ್ಯಾಕ್ಸ್' ಎಂಬ ಸಾಲಿತ್ತು. ಅದು ಎರರ್ ಮ್ಯಾಕ್ರೊ ಎಂಬುದರ ಚಿಕ್ಕ ರೂಪ, ದೋಷಗಳ ಎಣಿಕೆ ಅಷ್ಟೇ. ಜನ ಅದನ್ನು ಗುಪ್ತ ಕಾದಾಳುವಿನ ಹೆಸರು ಅಂದುಕೊಂಡರು. ಮಾತು ಎಷ್ಟು ಬೆಳೆಯಿತೆಂದರೆ 1995ರಲ್ಲಿ 'ಅಲ್ಟಿಮೇಟ್ ಮಾರ್ಟಲ್ ಕಾಂಬ್ಯಾಟ್ 3' ಬಂದಾಗ ತಯಾರಕರೇ ಎರ್ಮ್ಯಾಕ್ ಎಂಬ ಕಾದಾಳುವನ್ನು ಸೇರಿಸಿದರು.

ನಿಜವಾಗಿ ಕತ್ತರಿಸಿದ್ದು ಅಂತ ಹೇಳಲು ಎರಡನೇ ಸಾಕ್ಷಿ ಬೇಕು. ಡೆವಲಪರ್‌ಗಳ ಮಾತು, ಬಿಡುಗಡೆಗೆ ಮುಂಚಿನ ಪತ್ರಿಕಾ ಚಿತ್ರ, ಹಳೆಯ ಡೆಮೊ, ಯಾವುದಾದರೂ ಸರಿ. 2015ರ 'ಮೆಟಲ್ ಗೇರ್ ಸಾಲಿಡ್ 5' ಆಟದ 51ನೇ ಅಧ್ಯಾಯದ ಬಗ್ಗೆ ಅನುಮಾನವೇ ಇಲ್ಲ, ಯಾಕೆಂದರೆ ಅರ್ಧಕ್ಕೆ ನಿಂತ ಅದರ ದೃಶ್ಯಗಳನ್ನು ತಯಾರಕರೇ ವಿಶೇಷ ಆವೃತ್ತಿಯ ಡಿಸ್ಕ್‌ನಲ್ಲಿ ಕೊಟ್ಟಿದ್ದರು.

ಎಂಟನೆಯದು: ಬೇರೆ ಆವೃತ್ತಿಗಳ ಜೊತೆ ಹೋಲಿಸಿ

ಒಂದೇ ಆಟದ ಜಪಾನ್, ಅಮೆರಿಕ, ಯುರೋಪ್ ಪ್ರತಿಗಳು, ಡೆಮೊ, ಆಮೇಲೆ ಬಂದ ಪ್ಯಾಚ್ (ತಿದ್ದುಪಡಿ), ಇವನ್ನು ಪಕ್ಕಪಕ್ಕ ಇಟ್ಟು ನೋಡಿ. ಡೆಮೊಗಳು ಚಿನ್ನದ ಗಣಿ. ತಿಂಗಳುಗಟ್ಟಲೆ ಮುಂಚಿನ ಆಟದಿಂದ ಆತುರದಲ್ಲಿ ಕತ್ತರಿಸಿ ಮಾಡಿದವು ಅವು. ಎರಡು ಫೈಲ್‌ಗಳ ವ್ಯತ್ಯಾಸ ತೋರಿಸುವ ಸೌಲಭ್ಯ ಹೆಚ್ಚಿನ ಹೆಕ್ಸ್ ಎಡಿಟರ್‌ಗಳಲ್ಲಿದೆ. ಫೈಲ್‌ನ ಕೊನೆಯಲ್ಲಿ ತುಂಬಿಸಿಟ್ಟ ಖಾಲಿ ಜಾಗವನ್ನೂ ಬಿಡಬೇಡಿ. 2021ರ ಜನವರಿಯಲ್ಲಿ 'ಎಫ್-ಜೀರೊ ಎಕ್ಸ್' ಆಟದ ಒಂದು ಡೆವಲಪ್‌ಮೆಂಟ್ ಕಾರ್ಟ್ರಿಡ್ಜ್ ಓದಿದಾಗ, ಆಟ ಮುಗಿದ ಮೇಲಿನ ಜಾಗದಲ್ಲಿ 'ಆಕರಿನಾ ಆಫ್ ಟೈಮ್' ಆಟದ ಹಳೆಯ ರೂಪದ ಸುಮಾರು ಅರ್ಧ ಭಾಗ ಸಿಕ್ಕಿತು. ಹಿಂದೆ ಅದರಲ್ಲಿದ್ದದ್ದನ್ನು ಪೂರ್ತಿ ಅಳಿಸದೆ ಚಿಕ್ಕ ಆಟವನ್ನು ಮೇಲೆ ಬರೆದಿದ್ದರು.

ಒಂಬತ್ತನೆಯದು: ಬರೆದು ಹಂಚಿಕೊಳ್ಳಿ

ಏನು ಸಿಕ್ಕಿತು, ಯಾವ ಆವೃತ್ತಿಯಲ್ಲಿ, ಫೈಲ್‌ನ ಎಷ್ಟನೇ ಬೈಟ್‌ನಲ್ಲಿ, ಅದನ್ನು ಇನ್ನೊಬ್ಬರು ನೋಡುವುದು ಹೇಗೆ. ಇಷ್ಟು ಇದ್ದರೆ ಒಳ್ಳೆಯ ದಾಖಲೆ. ಚಿತ್ರಗಳನ್ನು ಹಿಗ್ಗಿಸದೆ, ಮೂಲ ಅಳತೆಯಲ್ಲಿ ಪಿಎನ್‌ಜಿ ಆಗಿ ಇಡಿ. 'ಬಹುಶಃ' ಎಂಬ ಪದ ಬರುವ ಸಾಲುಗಳನ್ನೆಲ್ಲ ಬೇರೆ ಪ್ಯಾರಾದಲ್ಲಿ ಹಾಕಿ. ಆಟದ ಫೈಲನ್ನೇ ಹಂಚಬೇಡಿ, ಬದಲಾವಣೆಯಷ್ಟೇ ಇರುವ ಪ್ಯಾಚ್ ಕೊಡಿ.

ಕದ್ದು ಹೊರಬಂದ ಸಾಮಗ್ರಿಯ ಬಗ್ಗೆ ನನ್ನ ನಿಲುವು ಸ್ಪಷ್ಟ. ನಾನು ಕೊಂಡ ಡಿಸ್ಕ್‌ನಲ್ಲಿ ಸಿಕ್ಕದ್ದು ಬೇರೆ, ಕಂಪನಿಯ ಸರ್ವರ್ ಒಡೆದು ತಂದದ್ದು ಬೇರೆ. ಎರಡನೆಯದನ್ನು ನಾನು ಮುಟ್ಟುವುದಿಲ್ಲ. ಅದರಲ್ಲಿ ಕೆಲಸಗಾರರ ಖಾಸಗಿ ವಿಷಯಗಳೂ ಇರುತ್ತವೆ.

ಸಿಕ್ಕದ್ದನ್ನು ಮತ್ತೆ ಆಡುವಂತೆ ಮಾಡುವ ಆಸೆ ಸಹಜ. 2004ರ 'ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2' ಆತುರದಲ್ಲಿ ಬಿಡುಗಡೆಯಾದ ಆಟ. ಡಿಸ್ಕ್‌ನಲ್ಲೇ ಉಳಿದಿದ್ದ ಸಂಭಾಷಣೆ, ದೃಶ್ಯಗಳನ್ನು ಅಭಿಮಾನಿಗಳು ವರ್ಷಗಟ್ಟಲೆ ಕೂತು ಜೋಡಿಸಿದರು. ಅಂಥ ಕೆಲಸ ಮಾಡುವಾಗ ಮೂಲದಲ್ಲಿದ್ದದ್ದು ಯಾವುದು, ನೀವು ಸೇರಿಸಿದ್ದು ಯಾವುದು ಎಂಬ ಪಟ್ಟಿಯನ್ನು ಜೊತೆಗೇ ಕೊಡಿ. ಇನ್ನೊಂದು ಎಚ್ಚರ: ಕತ್ತರಿಸಿದ್ದಕ್ಕೆ ಕಾರಣ ಇರಬಹುದು. 'ಜಿಟಿಎ: ಸ್ಯಾನ್ ಆಂಡ್ರಿಯಾಸ್' ಆಟದಲ್ಲಿ ಆಫ್ ಮಾಡಿಟ್ಟಿದ್ದ ವಯಸ್ಕರ ದೃಶ್ಯವನ್ನು 2005ರಲ್ಲಿ ಒಂದು ಮಾಡ್ (ಹೊರಗಿನವರು ಮಾಡಿದ ಮಾರ್ಪಾಡು) ತೆರೆದಾಗ, ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಅಮೆರಿಕದ ಇಎಸ್‌ಆರ್‌ಬಿ ಆ ಆಟವನ್ನು ವಯಸ್ಕರಿಗೆ ಮಾತ್ರ ಎಂಬ ದರ್ಜೆಗೆ ಏರಿಸಿತು. ಚಿಕ್ಕವರು ಆಡುವ ಆಟವಾದರೆ ಏನನ್ನು ತೆರೆದು ಕೊಡುತ್ತಿದ್ದೀರಿ ಅಂತ ಮೊದಲು ನೀವೇ ಪೂರ್ತಿ ನೋಡಿ.

ಮುಂದೆ ಎಂದಾದರೂ ಹಳೆಯ ಪ್ರೊಟೊಟೈಪ್ (ಬಿಡುಗಡೆಗೆ ಮುಂಚಿನ ಮಾದರಿ) ಕಾರ್ಟ್ರಿಡ್ಜ್ ಕೈಗೆ ಬಂದರೆ, ಆಡಿ ನೋಡುವ ಮೊದಲೇ ಅದನ್ನು ಓದಿ ಪ್ರತಿ ಮಾಡಿಕೊಳ್ಳಿ. ಅವುಗಳಲ್ಲಿ ಹೆಚ್ಚಾಗಿ ಇಪ್ರಾಮ್ ಚಿಪ್ ಇರುತ್ತದೆ. ಅದರ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಂಡಿ, ಕಿಂಡಿಗೆ ಅಂಟಿಸಿದ ಒಂದು ಚೀಟಿ. ನೇರಳಾತೀತ ಬೆಳಕು ಒಳಗೆ ಬಿದ್ದರೆ ಬರೆದದ್ದು ಅಳಿಯುತ್ತದೆ. ಬೆಳಕು ಬೀಳದಿದ್ದರೂ ಒಳಗಿನ ಚಾರ್ಜ್ ವರ್ಷಗಳು ಕಳೆದಂತೆ ಸೋರುತ್ತದೆ. ಕೊಳೆಯಾಗಿದೆ ಅಂತ ಆ ಚೀಟಿಯನ್ನು ಸುಮ್ನೆ ಕಿತ್ತುಬಿಡಬೇಡಿ.